ಬೀರು ಹೊರಿಸಿ ನೋಡುವ ಮೇಸ್ತ್ರಿ

"ನಿಲ್ಲಿಸ್ಕೊಂಡು ಇಳಿಸೋಣ, ಸಲೀಸು," ಎನ್ನುತ್ತ ಗೂಳಿ ಶವಪೆಟ್ಟಿಗೆಯ ತಲೆಕಡೆಯನ್ನು ಎತ್ತಿಯೇ ಬಿಟ್ಟ.

"ಅಯ್ಯೋ ನಿನ್ನ! ಒಳಗಿರೋದು ನಮ್ಮ ಮೇಸ್ತ್ರಿ ಕಣೋ, ಬೀರು ಅಲ್ಲ!" ಕಡ್ಡಿ ಅವನ ಕೈಮೇಲೆ ಹೊಡೆದ.

ಗೂಳಿಯದು ತಪ್ಪೆನ್ನಲಾಗದು. ಮನೆಸಾಮಾನು ಸಾಗಿಸುವ ಆ ಆರೂ ಆಳುಗಳು ತೊಟ್ಟಿಲಿನಿಂದ ಇಳಿದವರೇ ತೊಟ್ಟಿಲನ್ನು ಹೆಗಲಿಗೇರಿಸಿದವರು. ಉದ್ದನೆಯ ಪೆಟ್ಟಿಗೆ ಕಂಡರೆ ಕೈ ತಾನಾಗಿ ಅದನ್ನು ನಿಲ್ಲಿಸುತ್ತದೆ. ಮೇಲಾಗಿ ಆ ಮೆಟ್ಟಿಲು! ಅದರಷ್ಟು ಇಕ್ಕಟ್ಟಾದದ್ದು ಮೂರು ಲೋಕದಲ್ಲೂ ಇಲ್ಲ. ಬೆಕ್ಕು ಇಳಿಯಬೇಕಾದರೂ ಮೀಸೆ ಮಡಚಿಕೊಳ್ಳಬೇಕು. ಊರಿಗೆ ಊರನ್ನೇ ಮನೆಯಿಂದ ಮನೆಗೆ ಸಾಗಿಸಿದ ಮೇಸ್ತ್ರಿ ತಾನು ಮಾತ್ರ ಇಂಥ ಮೂರನೇ ಮಹಡಿಯಲ್ಲಿ ಸಂಸಾರ ಹೂಡಿದ್ದ.

"ಕೆಳಗಡೆ ನಾನ್ ಹಿಡೀತೀನಿ," ಎಂದಳು ಮೇಸ್ತ್ರಿಯ ಮಗಳು.

ಮೆಟ್ಟಿಲಿಳಿಯುವಾಗ ಭಾರವೆಲ್ಲ ಕೆಳಗಿನವರದು. ಹಿಂದು ಹಿಂದಕ್ಕೆ, ಕಾಣದ ಮೆಟ್ಟಿಲನ್ನು ಕಾಲಲ್ಲೇ ಹುಡುಕುತ್ತ ಇಳಿಯಬೇಕು.

"ಕಂಪ್ಯೂಟರಲ್ಲಿ ಮುಖ ನೋಡಿ ಜನರನ್ನ ಆರಿಸಿದ ಹಾಗಲ್ಲಮ್ಮ ಇದು," ಎಂದ ಗೂಳಿ.

"ಆ ಕೆಲಸ ಬಿಟ್ಟೆ, ಗೂಳಿ ಮಾಮ. ನಾಳೆಯಿಂದ ಅಪ್ಪನ ಜಾಗದಲ್ಲಿ ನಾನು."

ಆರೂ ಜನ ಮುಖ ಮುಖ ನೋಡಿಕೊಂಡರು. ಎದುರು ಬೀದಿಯ ಕಂಟ್ರಾಕ್ಟರು ಸುದ್ದಿ ಕೇಳಿದ ಗಳಿಗೆಯಲ್ಲೇ ಅವರನ್ನೆಲ್ಲ ತನ್ನ ಕಡೆ ಕರೆದಿದ್ದ. ಇವರು ಹೋದರೆ ಮೇಸ್ತ್ರಿಯ ಲಾರಿಗೆ ತುಕ್ಕು ಹಿಡಿಯುವುದೊಂದೇ ಕೆಲಸ.

"ಹಿಡಿ ನೋಡೋಣ," ಗೂಳಿ ಅವಳ ಪಕ್ಕಕ್ಕೆ ಬಂದ. "ನಾವೂ ಒಂದು ಇಂಟರ್‌ವ್ಯೂ ಮಾಡೇಬಿಡ್ತೀವಿ."

*

ಮೇಸ್ತ್ರಿ ಕೆಲಸಕ್ಕೆ ಸೇರಿದಾಗ ಅವನ ಕಿವಿಗೆ ಇಂಟರ್‌ವ್ಯೂ ಎಂಬ ಮಾತೇ ಬಿದ್ದಿರಲಿಲ್ಲ. ಬೆಳಗ್ಗೆ ಗೋದಾಮಿನ ಬಾಗಿಲಲ್ಲಿ ಸಾಲಾಗಿ ನಿಲ್ಲುವುದು. ಧಣಿ ಬಂದು ತೋಳು ಹಿಸುಕುವುದು, ಎತ್ತಿಗೆ ನೋಡುವ ಹಾಗೆ ಹಲ್ಲು ನೋಡುವುದು. ಇವನ ತೋಳು ಹಿಸುಕಿದ ಧಣಿಯ ಬೆರಳು ಉಳುಕಿ, ತಿಂಗಳುಗಟ್ಟಲೆ ಸಹಿ ಹಾಕಲಾಗದೆ ವ್ಯಾಪಾರವೇ ನಿಂತಿತ್ತು. ನಂಬದಿದ್ದರೆ ನಷ್ಟ ನಿಮ್ಮದೇ.

ತಾನೇ ಮೇಸ್ತ್ರಿಯಾದ ಮೇಲೆ ಅವನು ಯಾರ ತೋಳನ್ನೂ ಮುಟ್ಟಲಿಲ್ಲ, ಊರು ಹೆಸರೂ ಕೇಳಲಿಲ್ಲ. ಕೆಲಸ ಕೇಳಿ ಬಂದವನಿಗೆ ಕಬ್ಬಿಣದ ಬೀರುವಿನ ಮೇಲಿನ ತುದಿ ಹಿಡಿಸಿ, ಕೆಳಗಿನದನ್ನು ತಾನು ಹಿಡಿದು, ಈ ಮೆಟ್ಟಿಲಿಳಿಯುತ್ತಿದ್ದ. ಬೀದಿ ತಲುಪುವಷ್ಟರಲ್ಲಿ ತೀರ್ಮಾನ ಆಗಿರುತ್ತಿತ್ತು.

ಓದು ಮುಗಿಸಿದ ಮಗಳು "ನನ್ನೂ ಸೇರಿಸ್ಕೋ ಅಪ್ಪ" ಎಂದಾಗಲೂ ಅದೇ ಬೀರು. ತಿರುವಿನಲ್ಲಿ ಅವಳ ಬೆರಳು ಗೋಡೆಗೂ ಬೀರುವಿಗೂ ನಡುವೆ ಸಿಕ್ಕಿತು. ತುಟಿ ಕಚ್ಚಿಕೊಂಡು, ಉಸಿರೆತ್ತದೆ ಕೆಳಗಿನವರೆಗೂ ಹೊತ್ತಳು. ಅಂಥ ಗಟ್ಟಿಗಿತ್ತಿಯನ್ನು ಯಾವ ಚಕ್ರವರ್ತಿಯಾದರೂ ಸೇನಾಪತಿ ಮಾಡಿಕೊಳ್ಳುತ್ತಿದ್ದ. ಅಪ್ಪ ಮಾತ್ರ ಬೆರಳಿಗೆ ಬಟ್ಟೆ ಸುತ್ತುತ್ತ, "ನೀನು ಬೇಡ ಮಗಳೇ," ಎಂದ.

"ನಾನು ಬಿಡ್ಲೇ ಇಲ್ವಲ್ಲ!"

"ಅದಕ್ಕೇ. ಕೈ ಸೋತಾಗ 'ಇಳಿಸಿ' ಅಂತ ಕೂಗದವರ ಜೊತೆ ಹೊತ್ರೆ, ಕೆಳಗಿರೋನು ಸಾಯ್ತಾನೆ."

ಸಿಟ್ಟು ಮಾಡಿಕೊಂಡು ಹೋದವಳು ದೊಡ್ಡ ಕಂಪನಿಯಲ್ಲಿ ಒಂದು ಪಟ್ಟಣಕ್ಕಾಗುವಷ್ಟು ಜನರನ್ನು ಕೆಲಸಕ್ಕೆ ಆರಿಸಿದಳು. ಒಬ್ಬರನ್ನೂ ಎದುರಿಗೆ ಕೂರಿಸಿಕೊಂಡವಳಲ್ಲ. ಪ್ರಶ್ನೆ ಕೇಳುವುದೂ ಯಂತ್ರ, ಅಂಕ ಹಾಕುವುದೂ ಯಂತ್ರ.

*

"ನಿಮ್ಮ ಯಂತ್ರ ಏನ್ ಕೇಳುತ್ತಮ್ಮ?" ಮೇಲಿನ ತುದಿ ಹಿಡಿದಿದ್ದ ಕಡ್ಡಿ ಏದುಸಿರಿನಲ್ಲೂ ಬಿಡಲಿಲ್ಲ.

"ಐದು ವರ್ಷ ಆದ್ಮೇಲೆ ಎಲ್ಲಿರ್ತೀರ ಅಂತ."

"ಹೀಗೆ ಇಳೀತಿದ್ರೆ, ಇಲ್ಲೇ!"

ನಗುವಿಗೆ ಪೆಟ್ಟಿಗೆ ಕುಲುಕಿತು. ಒಳಗಿನವನೂ ನಕ್ಕಿರಬೇಕು, ಇಲ್ಲದಿದ್ದರೆ ಅಷ್ಟು ಕುಲುಕುವುದು ಹೇಗೆ?

ತಿರುವಿನಲ್ಲಿ ಮಗಳ ಅಂಗೈ ಬೆವರಿತು. ಹಿಡಿ ಸಣ್ಣಗೆ ಜಾರತೊಡಗಿತು. ಕೂಗಿದರೆ ಆರು ಜನರ ಮುಂದೆ ಸೋತ ಹಾಗೆ; ಕೂಗದಿದ್ದರೆ ಪಕ್ಕದ ಗೂಳಿಯ ಎದೆಯ ಮೇಲೆ ಪೆಟ್ಟಿಗೆ. ಹಿಂದಿನಿಂದ ಬರಿಗೈಯಲ್ಲಿ ಬರುತ್ತಿದ್ದ ಅವಳ ಚಿಕ್ಕಪ್ಪ ಬೇರೆ, "ನಿಲ್ಲಬೇಡಿ, ಬೀದಿ ತುಂಬ ಜನ ಕಾಯ್ತಿದ್ದಾರೆ, ಮರ್ಯಾದೆ ಪ್ರಶ್ನೆ!" ಎನ್ನುತ್ತಿದ್ದ.

"ಇಳಿಸಿ!"

ಏಳು ಬೀದಿಯ ನಾಯಿಗಳು ಎದ್ದು ಬೊಗಳುವಂಥ ಕೂಗು. ಮೇಲಿನವರು ಬಾಗಿದರು, ಕೆಳಗಿನವರು ಬಾಗಿದರು; ಪೆಟ್ಟಿಗೆ ಮೆಟ್ಟಿಲ ಮೇಲೆ ಕುಳಿತಿತು.

"ನಾನ್ ಹೇಳ್ಲಿಲ್ವಾ, ಹೆಣ್ಣುಮಕ್ಕಳ ಕೈಲಿ ಇದೆಲ್ಲ..." ಚಿಕ್ಕಪ್ಪ ಶುರುಮಾಡಿದ.

"ಸುಮ್ನಿರಿ ಸ್ವಾಮಿ. ಹುಟ್ಟಿದಾಗಿಂದ ನೀವು ಹೊತ್ತಿರೋದು ನಿಮ್ಮ ಹೊಟ್ಟೆ ಒಂದನ್ನೇ," ಎಂದ ಕಡ್ಡಿ.

ಗೂಳಿ ಗೋಡೆಗೆ ಒರಗಿ ಕೈ ಬಿಡಿಸಿದ.

"ನಂದೂ ಸೋತಿತ್ತು," ಅವಳಿಗಷ್ಟೇ ಕೇಳುವಂತೆ ಗೊಣಗಿದ. "ನಾಚಿಕೆಗೆ ಬಾಯಿ ಬಿಡ್ಲಿಲ್ಲ."

ಆಮೇಲೆ ಎಲ್ಲರಿಗೂ ಕೇಳುವಂತೆ ಅಂದ: "ಎತ್ತೋಣ್ವಾ? ಹೇಳಮ್ಮ."

"ಇರಿ. ಇನ್ನೂ ಸ್ವಲ್ಪ."

ಕೆಳಗೆ ಶವ ಸಾಗಿಸುವ ವ್ಯಾನಿನವನು ಹಾರ್ನ್ ಮೇಲೆ ಹಾರ್ನ್ ಹೊಡೆದ. ಆರು ಜನರಲ್ಲಿ ಒಬ್ಬನೂ ಕದಲಲಿಲ್ಲ. ಪೆಟ್ಟಿಗೆಯ ಹಿಂದೆ ಮುಂದೆ ಮೆಟ್ಟಿಲಿಗೊಬ್ಬರಂತೆ ಕುಳಿತು, ಅವಳು ಒಂದೊಂದೇ ಬೆರಳನ್ನು ತೋಳಿಗೆ ಒರೆಸಿಕೊಳ್ಳುವುದನ್ನು ನೋಡುತ್ತ ಕಾದರು.