ಚಾಕ್ಕ ಬರ್ರಿ

ಕಾರಿನ ಗಾಜನ್ನು ಯಾರೋ ಬೆರಳ ಗೆಣ್ಣಿನಿಂದ ತಟ್ಟಿದರು. ಕೀತ್ ಬೆಚ್ಚಿಬಿದ್ದು ಫ್ಲಾಸ್ಕಿನ ಮುಚ್ಚಳದಲ್ಲಿದ್ದ ಟೀಯನ್ನು ತೊಡೆಯ ಮೇಲೆ ಚೆಲ್ಲಿಕೊಂಡ. ಹೊರಗೆ ಒಬ್ಬಳು ಮುದುಕಿ, ತಲೆಗೆ ಸ್ಕಾರ್ಫ್ ಬಿಗಿದು, ಕೈಯಲ್ಲಿ ಪೊರಕೆ ಹಿಡಿದು ನಿಂತಿದ್ದಳು. ಪೊರಕೆ ಕಂಡದ್ದರಿಂದ ಅವನು ಗಾಜನ್ನು ಎರಡು ಬೆರಳಿನಷ್ಟು ಮಾತ್ರ ಇಳಿಸಿದ.

"ನಿನ್ನೆಯಿಂದ ನೋಡಾಕತ್ತೀನಿ, ಇಲ್ಲೇ ಕುಂತೀರಿ. ಪೊಲೀಸರೇನು ನೀವು?"

"ಅಲ್ಲ."

"ಹಂಗಾರ ವಸೂಲಿಯವರೇನು?"

"ಅಲ್ಲ ಅಂದ್ನಲ್ಲ."

ಪಕ್ಕದಲ್ಲಿದ್ದ ಡೆನೀಸ್ ಗಂಡನ ಮೈಮೇಲೆ ಬಾಗಿ ಕಿಟಕಿಗೆ ಬಾಯಿಟ್ಟಳು. "ಲಂಡನ್ನಿಂದ ಬಂದಿದೀವಿ. ಆ ಮಾರಾಟಕ್ಕಿರೋ ಮನೆ ನೋಡೋಕೆ."

"ತೀರಿಕೊಂಡ ಆಡ್ರೀ ಮನೀನಾ? ನಮ್ಮ ಗ್ವಾಡೀ ಆಚೀಗಿನದು." ಮುದುಕಿ ಇಬ್ಬರನ್ನೂ ಕಾರನ್ನೂ ಒಂದು ಸುತ್ತು ನೋಡಿದಳು. "ಮನೀ ಅಂದ್ರ ಒಳಗ ಹೋಗಿ ನೋಡಬೇಕವ್ವಾ, ಕಾರಿನ್ಯಾಗ ಕುಂತಲ್ಲ. ನಾ ನಾರ್ಮಾ. ನಾಳೆ ಐದಕ್ಕ ಚಾಕ್ಕ ಬರ್ರಿ. ಏನು ತಮ್ಮಾ, ಬರ್ತೀಯಿಲ್ಲೋ?"

ಉತ್ತರಕ್ಕೂ ಕಾಯದೆ ಆಕೆ ತನ್ನ ಮನೆಯ ಮುಂದಿನ ಕಲ್ಲುಹಾಸನ್ನು ಗುಡಿಸಲು ಹೋದಳು. ಕೀತ್‌ಗೆ ಅರವತ್ತಾರು ವರ್ಷ. ಅವನನ್ನು ತಮ್ಮಾ ಎಂದು ಕರೆದವರು ಇದುವರೆಗೆ ಯಾರೂ ಇರಲಿಲ್ಲ.

"ನೋಡಿದ್ಯಾ?" ಎಂದು ಗಾಜು ಏರಿಸಿದ. "ಗುರುತಿಲ್ಲ, ಪರಿಚಯ ಇಲ್ಲ. ತಮ್ಮಾ ಅಂತೆ, ಟೀಗೆ ಬಾ ಅಂತೆ. ಆ ಮನೇಲಿ ಏನೋ ಹುಳುಕಿದೆ ಡೆನೀಸ್. ಇವಳಿಗೂ ಮನೆ ಮಾರಿಸೋ ಆ ಏಜೆಂಟಿಗೂ ಒಳಒಪ್ಪಂದ."

"ಇಲ್ಲಿಯವರು ಎಲ್ಲರನ್ನೂ ಹಾಗೇ ಕರೀತಾರೆ ಕಣೋ. ಬೆಳಿಗ್ಗೆ ಪೆಟ್ರೋಲ್ ಹಾಕಿದವಳು ನಿನ್ನನ್ನ ಚಿನ್ನ ಅಂದಳು."

"ಅದಕ್ಕೇ ಚಿಲ್ಲರೆ ಎರಡು ಸಲ ಎಣಿಸಿಕೊಂಡೆ."

ಕೀತ್ ಲಂಡನ್ನಿನಲ್ಲಿ ಮೂವತ್ತು ವರ್ಷ ಬಾಡಿಗೆ ಕಾರು ಓಡಿಸಿದವನು. ಹಿಂದಿನ ಸೀಟಿನವರು ಎಲ್ಲಿ ಮನೆ, ಎಷ್ಟು ಮಕ್ಕಳು ಎಂದು ಕೇಳಿದರೆ 'ನೋಡೋಣ', 'ಹಾಗೇ ಇದೆ' ಎಂದು ಹೇಳಿಯೇ ದಾರಿ ಸವೆಸಿದ್ದ. ಸ್ವಭಾವವೇ ಸಂಶಯದ್ದು ಎಂದರೆ ಪೂರ್ತಿ ನ್ಯಾಯವಲ್ಲ, ಕಾರಣವೂ ಇತ್ತು. ಅವರ ಬಾಡಿಗೆ ಮನೆಯ ಯಜಮಾನ ಇಪ್ಪತ್ತು ವರ್ಷ ಪ್ರತಿ ಕ್ರಿಸ್‌ಮಸ್ಸಿಗೂ ತಾನೇ ಬಂದು ಕೇಕು ಕೊಟ್ಟು ಕೈ ಕುಲುಕುತ್ತಿದ್ದ. ಕಳೆದ ಕ್ರಿಸ್‌ಮಸ್ಸಿನಲ್ಲೂ ಕೇಕು ಕೊಟ್ಟ, ಕೈ ಕುಲುಕಿದ, ಮನೆ ಮಾರುತ್ತಿದ್ದೇನೆ, ಖಾಲಿ ಮಾಡಿ ಎಂದ. ಅಂದಿನಿಂದ ಕೀತ್‌ಗೆ ಯಾರಾದರೂ ನಕ್ಕರೆ ಸಾಕು, ಅತಿ ವಿನಯಂ ಧೂರ್ತಲಕ್ಷಣಂ.

ಉಳಿಸಿದ ದುಡ್ಡಿಗೆ ಲಂಡನ್ನಿನಲ್ಲಿ ಒಂದು ಗ್ಯಾರೇಜೂ ಬರುತ್ತಿರಲಿಲ್ಲ. ಹಾಗಾಗಿ ವರ್ಷವಿಡೀ ಗಂಡ ಹೆಂಡತಿ ಊರೂರು ಅಲೆದಿದ್ದರು. ಕೀತ್ ಒಂದು ಊರಿನಲ್ಲಿ ನದಿ ಹತ್ತಿರ ಎಂದ, ಇನ್ನೊಂದರಲ್ಲಿ ಬೀದಿ ಅತಿಯಾಗಿ ಶಾಂತ ಎಂದ, ಮತ್ತೊಂದರಲ್ಲಿ ಪಾದ್ರಿ ತಾನಾಗಿ ಮಾತಾಡಿಸಿದ ಎಂದು ಬೇಡವೆಂದ. ಕೊನೆಗೆ ಸಿಕ್ಕಿದ್ದು ಉತ್ತರ ಇಂಗ್ಲೆಂಡಿನ ಡರ್ಹಮ್ ಕಡಲಂಚಿನ ಈ ಎಲ್ಡರ್ಬಿ. ಕಲ್ಲಿದ್ದಲ ಗಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಗಣಿಯವರಿಗಾಗಿ ಕಟ್ಟಿದ ಕೆಂಪು ಇಟ್ಟಿಗೆಯ ಮನೆಗಳು ಮಾತ್ರ ಗೋಡೆಗೆ ಗೋಡೆ ಆತು ನಿಂತಿದ್ದವು. ಆಡ್ರೀಯ ಮನೆಯ ಅಡುಗೆಕೋಣೆಯ ಕಿಟಕಿಯಿಂದ ಸಮುದ್ರದ ಒಂದು ಪಟ್ಟಿ ಕಾಣುತ್ತಿತ್ತು. ಡೆನೀಸ್ ಅದನ್ನು ಮೊದಲ ದಿನವೇ ಏಜೆಂಟಿನ ಜೊತೆ ಒಳಹೋದಾಗ ನೋಡಿ, ಸಿಂಕಿನ ಮುಂದೆ ಪಾತ್ರೆ ತೊಳೆಯುವವಳ ಹಾಗೆ ನಿಂತೂ ನೋಡಿ, ಮನಸ್ಸಿನಲ್ಲೇ ಪರದೆಗೆ ಬಟ್ಟೆ ಆರಿಸಿಬಿಟ್ಟಿದ್ದಳು.

"ಇದೂ ಬೇಡ ಅಂದ್ರೆ ನಾನು ಅಕ್ಕನ ಮನೆಗೆ ಹೋಗ್ತೀನಿ. ನೀನು ನಿನ್ನ ಕಾರಲ್ಲೇ ಸಂಸಾರ ಮಾಡು" ಎಂದು ಹೇಳಿದ್ದಳು. ಅದು ತಮಾಷೆಯಾಗಿರಲಿಲ್ಲ.

ಮರುದಿನ ಮಧ್ಯಾಹ್ನ ಏಜೆಂಟ್ ಹೆಂಗಸು ಮತ್ತೆ ಬೀಗ ತೆಗೆದುಕೊಟ್ಟಳು. ಕೀತ್ ಗೋಡೆಗೆ ಮೂಗು ಹಚ್ಚಿ ಮೂಸಿದ. ನಲ್ಲಿ ತಿರುಗಿಸಿದ. ಗಣಿ ಇದ್ದ ಊರು, ಕೆಳಗೆ ಪೊಳ್ಳಿದ್ದು ನೆಲ ವಾಲಿರಬಹುದು ಎಂದು ಜೇಬಿನಿಂದ ಒಂದು ಗಾಜಿನ ಗೋಲಿ ತೆಗೆದು ನೆಲದ ಮೇಲಿಟ್ಟ. ಗೋಲಿ ಇಟ್ಟಲ್ಲೇ ಕೂತಿತು. ಕೋಣೆಯಿಂದ ಕೋಣೆಗೆ ಹೋಗಿ ಇಟ್ಟ, ಎಲ್ಲೂ ಉರುಳಲಿಲ್ಲ. ಅವನ ಮುಖ ಇನ್ನಷ್ಟು ಗಂಟಿಕ್ಕಿತು. ದೋಷ ಕಂಡಿದ್ದರೆ ಮಾತು ಬೇರೆ. ಕಾಣಲಿಲ್ಲವೆಂದರೆ ಬಚ್ಚಿಟ್ಟಿದ್ದಾರೆ ಎಂದೇ ಅರ್ಥ.

"ಇಷ್ಟು ಅಗ್ಗ ಯಾಕೆ?" ಎಂದು ಏಜೆಂಟ್ ಹೆಂಗಸನ್ನು ನಾಲ್ಕನೇ ಸಲ ಕೇಳಿದ.

"ಇಲ್ಲೆ ಕೆಲಸ ಇಲ್ರೀ, ಅದಕ್ಕ" ಎಂದಳು ಅವಳು, ನಾಲ್ಕನೇ ಸಲ.

ಐದು ಗಂಟೆಗೆ ಟೀಗೆ ಹೋಗಬೇಕಿತ್ತು. ಅದಕ್ಕೂ ಕೀತ್ ಲೆಕ್ಕ ಹಾಕಿದ್ದ. "ಯಾರದೋ ಮನೆಗೆ ಹಸಿದುಕೊಂಡು ಹೋಗಬಾರದು. ಹಸಿದವನು ಬೇಗ ಒಪ್ಪಿಕೊಳ್ತಾನೆ. ಒಂದು ಕಪ್ ಟೀ, ಒಂದು ಬಿಸ್ಕತ್ತು. ಕೇಳೋದನ್ನ ಕೇಳು, ಎದ್ದು ಬಾ." ಹಾಗೆಂದು ಸಮುದ್ರದ ದಂಡೆಯ ಅಂಗಡಿಯಲ್ಲಿ ಕರಿದ ಮೀನು, ಆಲೂಗಡ್ಡೆ ಕಟ್ಟಿಸಿಕೊಂಡು ಇಬ್ಬರೂ ಬೆಂಚಿನ ಮೇಲೆ ಕೂತು ಹೊಟ್ಟೆ ಬಿರಿಯ ತಿಂದರು. ಕೀತ್ ತಿನ್ನುವ ಮೊದಲು ಮೇಲಿನ ಹಿಟ್ಟಿನ ಹೊದಿಕೆ ಸುಲಿದು, ಒಳಗಿರುವುದು ಯಾವ ಮೀನೆಂದು ಪರೀಕ್ಷೆ ಮಾಡಿದ. ಅದು ಅವನ ಹಳೇ ಅಭ್ಯಾಸ.

ನಾರ್ಮಾಳ ಮನೆಯ ಮುಂಬಾಗಿಲು ತಟ್ಟಿದಾಗ ಒಳಗೆ ಏನೋ ಎಳೆದಾಡುವ ಸದ್ದಾಯಿತು. ಬಾಗಿಲು ಕಿರುಗುಟ್ಟಿ ಅರ್ಧ ತೆರೆಯಿತು.

"ಮುಂದಿನ ಬಾಗಲಾ ಬಡದ್ರೇನು? ಇದನ್ನ ತಗಿಯೂದು ಡಾಕ್ಟರ್ ಬಂದಾಗ, ಇಲ್ಲಾ ಹೆಣಾ ಹೊರಗ ಒಯ್ಯೂಮುಂದ. ಇರಲಿ, ಬರ್ರಿ."

ಒಳಗೆ ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿತ್ತು. ಬೇಯಿಸಿದ ಹಂದಿಮಾಂಸದ ದಪ್ಪ ಹೋಳುಗಳು, ಬಟಾಣಿಯ ಗಟ್ಟಿ ಗೊಜ್ಜು, ಬೀಟ್‌ರೂಟ್ ಉಪ್ಪಿನಕಾಯಿ, ಬೆಣ್ಣೆ ಸುರಿದ ಆಲೂಗಡ್ಡೆ. ನಡುವೆ ದೊಡ್ಡ ಬಟ್ಟಲಿನಲ್ಲಿ ಹಿಟ್ಟಿನ ಹೊದಿಕೆಯೊಳಗೆ ಹೂರಣ ತುಂಬಿ ಹೊನ್ನುಬಣ್ಣಕ್ಕೆ ಬೇಯಿಸಿದ, ಮೇಲೆ ಹಿಟ್ಟಿನ ಎಲೆಗಳನ್ನು ಕತ್ತರಿಸಿ ಕೂರಿಸಿದ ಪೈ. ಕೀತ್ ಬಾಗಿಲಲ್ಲೇ ನಿಂತ. ಡೆನೀಸ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

"ಕುಂದರ್ರಿ, ಕುಂದರ್ರಿ. ಆರತದ."

ಡೆನೀಸ್ ಅರ್ಧ ತುಂಡು ಪೈ ಹಾಕಿಸಿಕೊಂಡು ತಟ್ಟೆಯ ಅಂಚಿನಲ್ಲಿ ಓಡಾಡಿಸಿದಳು. ಕೀತ್ ಫೋರ್ಕಿನ ತುದಿಯಿಂದ ಪೈಯನ್ನು ಒಮ್ಮೆ ತಿವಿದು ನೋಡಿದ. "ಇದರ ಒಳಗೆ ಏನಿದೆ?"

"ಮಾಂಸಾ, ಆಲೂಗಡ್ಡಿ. ಮತ್ತೇನಿರತದ ತಮ್ಮಾ?"

"ನನಗೆ ಟೀ ಒಂದೇ ಸಾಕು."

ನಾರ್ಮಾ ಅವನ ಮುಖ ನೋಡಿ, ಕೆಟಲಿನಿಂದ ಟೀ ಬಗ್ಗಿಸಿದಳು. ಅವನು ಕುಡಿಯುತ್ತ ವಿಚಾರಣೆ ಶುರುಮಾಡಿದ. ಬೀದಿಯಲ್ಲಿ ಗಲಾಟೆ ಇದೆಯೇ, ಆಡ್ರೀ ಹೇಗೆ ತೀರಿಕೊಂಡಳು, ಎದುರುಮನೆಯ ಹಂಚು ಯಾಕೆ ಬಿದ್ದಿದೆ. ನಾರ್ಮಾ ಕಿಟಕಿಯ ಕಡೆ ಗದ್ದ ಎತ್ತಿದಳು.

"ಅದಾ? ನಿಮ್ಮ ಕಡೇದಾಂವನ ತಗೊಂಡಾನ. ಫೋನಿನ್ಯಾಗ ನೋಡಿ ಕೊಂಡನಂತ. ಇವತ್ತಿನ ತನಕ ಮಾರಿ ತೋರಿಸಿಲ್ಲ. ಈಗ ಪಾರಿವಾಳ ಸಂಸಾರ ಮಾಡಾಕತ್ತಾವ. ಅದರ ಬಾಜೂದೂ ಹಂಗ, ಅದರ ಬಾಜೂದೂ ಹಂಗ." ಟೀ ಲೋಟವನ್ನು ಕೆಳಗಿಟ್ಟಳು. "ನೀವು ತಗೊಂಡ್ರ ನೀವ ಇರಾವ್ರೇನು?"

ಡೆನೀಸ್ ಬಾಯಿ ತೆರೆದಳು. ಮೇಜಿನಡಿ ಕೀತ್ ಅವಳ ಪಾದ ಒತ್ತಿದ. ಕೊಳ್ಳುವವರಿಗೆ ಆಸೆ ಇದೆಯೆಂದು ಗೊತ್ತಾದರೆ ಬೆಲೆ ಏರಿಸುತ್ತಾರೆ ಎಂಬುದು ಅವನ ಶಾಸ್ತ್ರ.

"ನೋಡೋಣ" ಎಂದ. "ಇನ್ನೂ ಏನೂ ತೀರ್ಮಾನ ಮಾಡಿಲ್ಲ."

ಅವರು ಹೊರಡುವಾಗ ನಾರ್ಮಾ ಪೈಯ ಮೇಲೆ ಬಟ್ಟೆ ಮುಚ್ಚುತ್ತಿದ್ದಳು.

"ಗೊತ್ತಿಲ್ಲದವರಿಗೆ ಯಾರಾದ್ರೂ ಮದುವೆ ಊಟ ಹಾಕ್ತಾರಾ?" ಕಾರಿಗೆ ಹತ್ತುತ್ತಲೇ ಕೀತ್ ಹೇಳಿದ. "ಟೀಗೆ ಅಂತ ಕರೆದು! ಏನೋ ಇದೆ."

ಡೆನೀಸ್‌ಗೂ ಆಗ ಕಸಿವಿಸಿ ಇತ್ತು, ಅದನ್ನು ಮುಚ್ಚಿಡುವುದೇಕೆ. ಕಾಮಾಲೆ ಕಣ್ಣಿನವನ ಜೊತೆ ನಲವತ್ತು ವರ್ಷ ಬಾಳಿದರೆ ನಮಗೂ ಒಂದಿಷ್ಟು ಹಳದಿ ಕಾಣಿಸತೊಡಗುತ್ತದೆ.

ಬೆಳಿಗ್ಗೆ ಅವರು ಇಳಿದುಕೊಂಡಿದ್ದ ಸಣ್ಣ ವಸತಿಗೃಹದಲ್ಲಿ ತಿಂಡಿಗೆ ಕೂತಿದ್ದಾಗ ಫೋನು ಬಂತು. ಕೀತ್ ಸಾಸೇಜನ್ನು ಉದ್ದಕ್ಕೆ ಸೀಳಿ ಒಳಗೆ ನೋಡುತ್ತಿದ್ದವನು, ಸಾಕ್ಷಿಗಿರಲಿ ಎಂದು ಎಂದಿನಂತೆ ಫೋನನ್ನು ಸ್ಪೀಕರಿಗೆ ಹಾಕಿದ. ಏಜೆಂಟ್ ಹೆಂಗಸು.

"ಮನೀ ನಿಮಗ ಕೊಡೂದಿಲ್ಲ ಅಂತ ಹೇಳ್ಯಾರ್ರೀ."

"ಯಾರು?"

"ಆಡ್ರೀ ಅವರ ಮಗಳು. ಅಲ್ಲೇ ಇರಾವ್ರಿಗೆ ಮಾತ್ರ ಮನೀ ಕೊಡು ಅಂತ ಅವರವ್ವ ಸಾಯೂಮುಂದ ಮಾತು ತಗೊಂಡಿದ್ರು. ಬಂದಾವ್ರನ್ನ ನೋಡಿ ಹೇಳಾಕ ನಾರ್ಮಾ ಅವರಿಗೆ ಒಪ್ಪಿಸ್ಯಾರ. ನೀವು ಕೊಂಡು ಬಾಡಿಗಿ ಕೊಡಾವ್ರು, ಇರಾವ್ರಲ್ಲ ಅಂತ ಅವರು ನಿನ್ನೆ ಫೋನ್ ಮಾಡ್ಯಾರ."

"ಅವಳಿಗೆ ಯಾರು ಹೇಳಿದ್ದು?"

"ಕಾರಿನ್ಯಾಗ ಕುಂತು ಬೀದಿ ಕಾಯತಿದ್ರಂತ. ಕೇಳಿದ್ದಕ್ಕ ಉತ್ತರಾ ಕೊಡಲಿಲ್ಲಂತ. ಮತ್ತ, ಚಾ ಮುಟ್ಟಲೇ ಇಲ್ಲಂತ."

"ಮುಟ್ಟಲಿಲ್ವಾ? ಮೂರು ಲೋಟ ಕುಡಿದಿದೀನಿ ನಾನು!"

"ಕುಡಿಯೂದಲ್ರೀ. ಚಾ. ಉಣ್ಣೂದು."

ಕೀತ್ ಹೆಂಡತಿಯ ಮುಖ ನೋಡಿದ. "ಟೀ ಉಣ್ಣೋದಾ?"

"ಸಂಜೀ ಊಟಕ್ಕ ಚಾ ಅನ್ನದ ಮತ್ತೇನಂತೀರಿ ನೀವು?"

"ಡಿನ್ನರ್!"

"ಡಿನ್ನರ್ ಅಂದ್ರ ಮಧ್ಯಾಹ್ನದ್ದಲ್ಲೇನ್ರೀ?" ಎಂದಿತು ಫೋನು, ಪಾಪ, ನಿಜಕ್ಕೂ ಆಶ್ಚರ್ಯದಿಂದ.

ಡೆನೀಸ್ ಮೊದಲು ನಕ್ಕಳು. ಅವಳು ಲಂಡನ್ನಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುತ್ತಿದ್ದವಳು. ಮಕ್ಕಳೆಲ್ಲ ಅವಳನ್ನು ಕರೆಯುತ್ತಿದ್ದದ್ದು ಡಿನ್ನರ್ ಲೇಡಿ ಎಂದೇ. ಅಷ್ಟು ವರ್ಷ ಆ ಹೆಸರಿನಲ್ಲಿ ದುಡಿದೂ ಹೊಳೆಯಲಿಲ್ಲವಲ್ಲ ಎಂದು ನಕ್ಕವಳು ಅರ್ಧಕ್ಕೇ ನಿಲ್ಲಿಸಿದಳು. ಪೈಯ ಮೇಲಿನ ಹಿಟ್ಟಿನ ಎಲೆಗಳು ಕಣ್ಣಿಗೆ ಕಟ್ಟಿದವು. ಮುಟ್ಟದೆ ಹಿಂದಿರುಗಿದ ತಟ್ಟೆಯನ್ನು ತೊಳೆಯುವುದು ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

"ನಾನು ಹೇಳಲಿಲ್ವಾ ಏನೋ ಇದೆ ಅಂತ?" ಕೀತ್ ಫೋನು ಇಟ್ಟ. "ಮುದುಕಿ ನಮ್ಮನ್ನ ಪರೀಕ್ಷೆ ಮಾಡಿದಾಳೆ! ಇಂಥ ಸಂಶಯದ ಪ್ರಾಣಿ ಪಕ್ಕದಲ್ಲಿ ಯಾರಿರ್ತಾರೆ?"

ಡೆನೀಸ್ ಗಂಡನನ್ನೇ ನೋಡಿದಳು.

"ನಿನ್ನ ಗೋಲಿ ಎಲ್ಲಿದೆ ಕೀತ್?"

"ಜೇಬಲ್ಲಿ. ಯಾಕೆ?"

"ತೆಗೆದು ನಿನ್ನ ನೆತ್ತಿ ಮೇಲಿಟ್ಟು ನೋಡು, ಎಲ್ಲಿ ವಾಲಿದೆ ಗೊತ್ತಾಗುತ್ತೆ. ನಾನು ಸಂಜೆ ಐದಕ್ಕೆ ಅಲ್ಲಿಗೆ ಹೋಗ್ತೀನಿ. ಬರೋದಾದ್ರೆ ಬಾ. ಇಲ್ಲಾಂದ್ರೆ ಲಂಡನ್ ದಾರಿ ನಿನಗೆ ಗೊತ್ತೇ ಇದೆ." ಚಾಕು ಫೋರ್ಕುಗಳನ್ನು ತಟ್ಟೆಯ ಮೇಲಿಟ್ಟಳು. "ಆ ಕಿಟಕಿ ನನಗೆ ಬೇಕು. ಒಂದು ವರ್ಷದಿಂದ ನಿನ್ನ ಹಿಂದೆ ಅಲೆದೆ, ಬಾಯಿಬಿಟ್ಟು ಏನೂ ಕೇಳಲಿಲ್ಲ. ಇದನ್ನ ಕೇಳ್ತಿದೀನಿ."

ಕೀತ್ ಸೀಳಿದ ಸಾಸೇಜನ್ನು ತಿನ್ನಲಿಲ್ಲ. ಆಮೇಲೆ ಇಬ್ಬರೂ ಏನನ್ನೂ ತಿನ್ನಲಿಲ್ಲ. ಮಧ್ಯಾಹ್ನ ಸಮುದ್ರದ ದಂಡೆಯಲ್ಲಿ ಮೀನಿನ ಅಂಗಡಿಯ ವಾಸನೆಗೆ ಬೆನ್ನು ಹಾಕಿ ನಡೆದಾಡಿದರು. ಕಾರಿನಲ್ಲಿ ಕೂತಾಗ ಕೀತ್ ಫ್ಲಾಸ್ಕಿನಿಂದ ಎರಡು ಮುಚ್ಚಳ ಟೀ ಬಗ್ಗಿಸಿಕೊಂಡು ಕುಡಿದ, ಅಷ್ಟೇ.

"ಬಾಗಿಲು ತೆಗೀದೇ ಹೋದ್ರೆ?" ಎಂದ.

"ತೆಗೆಯೋ ಬಾಗಿಲನ್ನ ತಟ್ಟೋಣ" ಎಂದಳು ಡೆನೀಸ್.

ಐದಕ್ಕೆ ಅವರು ಮನೆಗಳ ಹಿಂದಿನ ಓಣಿಗೆ ತಿರುಗಿದರು. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಯಾರೋ ಹಾಸಿಗೆ ಬಟ್ಟೆ ಒಣಹಾಕಿದ್ದರು, ಅದರಡಿ ತಲೆ ತಗ್ಗಿಸಿ ದಾಟಬೇಕಾಯಿತು. ಒಬ್ಬ ಮುದುಕ ಕಸದ ಡಬ್ಬಿ ಎಳೆಯುತ್ತಿದ್ದವನು ನಿಂತು ನೋಡಿದ. ಕೀತ್ ತಿರುಗಿ ನೋಡದೆ ನಡೆದ. ನಾರ್ಮಾಳ ಹಿತ್ತಿಲ ಬಾಗಿಲಿಗೆ ಹಸಿರು ಬಣ್ಣ ಬಳಿದಿತ್ತು, ಹಿಡಿಕೆಯ ಸುತ್ತ ಮುಟ್ಟಿ ಮುಟ್ಟಿ ಬಣ್ಣ ಸವೆದಿತ್ತು. ಡೆನೀಸ್ ಕೈ ಎತ್ತುವ ಮೊದಲೇ ಕೀತ್ ತಟ್ಟಿದ.

ಬಾಗಿಲು ಸದ್ದಿಲ್ಲದೆ ತೆರೆಯಿತು. ನಾರ್ಮಾ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಹೊಸ್ತಿಲಿನ ಮೇಲೆ ನಿಂತಳು. ಮೊದಲು ಅವರ ಮುಖ, ಆಮೇಲೆ ಅವರು ಬಂದ ಓಣಿಯ ಕಡೆ ನೋಡಿದಳು. ಒಳಗೆ ಬನ್ನಿ ಎನ್ನಲಿಲ್ಲ. ಅಲ್ಲಿಂದಲೇ ಕೇಳಿದಳು:

"ಚಾ ಆತೇನು?"

ಕೀತ್‌ನ ಬಾಯಲ್ಲಿ ಫ್ಲಾಸ್ಕಿನ ಟೀಯ ಒಗರು ಇನ್ನೂ ಇತ್ತು.

"ಇಲ್ಲ" ಎಂದ. "ಇನ್ನೂ ಆಗಿಲ್ಲ."

"ಆಡ್ರೀ ಮನ್ಯಾಗ ಯಾರು ಇರಾವ್ರು?"

'ನೋಡೋ' ಎಂಬಷ್ಟು ಅವನ ನಾಲಿಗೆಯ ತುದಿಗೆ ಬಂತು. ನುಂಗಿದ. "ನಾವೇ. ನಾನು, ಇವಳು. ಬೇರೆಲ್ಲೂ ನಮಗೆ ಮನೆ ಇಲ್ಲ."

ಆ ಮಾತನ್ನು ಅವನು ಹೊರಗಿನವರ ಮುಂದೆ ಆಡಿದ್ದು ಅದೇ ಮೊದಲು. ಡೆನೀಸ್ ಅವನ ತೋಳು ಹಿಡಿದಳು. ನಾರ್ಮಾ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಮೇಜಿನ ಮೇಲೆ ಬಿಳಿಯ ಬಟ್ಟೆ ಇರಲಿಲ್ಲ. ನಿನ್ನೆಯದೇ ಪೈ ಒಲೆಯೊಳಗಿಂದ ಹೊರಬಂತು. ಡೆನೀಸ್‌ಗೆ ಬಡಿಸಿದ್ದ ಅರ್ಧ ತುಂಡಿನ ಜಾಗ ಬಿಟ್ಟರೆ ಅದು ಹಾಗೇ ಇತ್ತು. ನಾರ್ಮಾ ದೊಡ್ಡ ಪಾಲು ಕತ್ತರಿಸಿ ಕೀತ್‌ನ ಮುಂದಿಟ್ಟು, ತಾನು ಎದುರಿಗೆ ಕೈಕಟ್ಟಿ ಕೂತಳು. ಅವಳ ಕಣ್ಣು ಅವನ ಫೋರ್ಕಿನ ಮೇಲಿತ್ತು.

ಅವನು ಒಳಗೆ ಏನಿದೆಯೆಂದು ನೋಡದೆ ಮೊದಲ ತುತ್ತನ್ನು ಬಾಯಿಗಿಟ್ಟುಕೊಂಡ.