ಕಹಿ ಮರಗೆಣಸಿನ ಬೇಲಿ

ಸರೋವರದ ದಂಡೆಯ ಸಸ್ಯತೋಟಕ್ಕೆ ಶನಿವಾರ ಶನಿವಾರ ದುಡಿಯಲು ಬರುವ ಸ್ವಯಂಸೇವಕರಿಗೆಲ್ಲ ನಲುಂಕುಮಾ ಟೀಚರ್ ಎಂದರೆ ಭಯಭಕ್ತಿ. ನಿವೃತ್ತಿಯಾದ ಮೇಲೆ ಅವಳು ಪ್ಲಾಸ್ಟಿಕ್ ಚೀಲ ಕಂಡರೆ ಮೈಮೇಲೆ ಬಂದವಳಂತೆ ಆಡುತ್ತಿದ್ದಳು. ಬುತ್ತಿ ಬಾಳೆಲೆಯಲ್ಲೇ ಬರಬೇಕು, ಸಿಪ್ಪೆಯೆಲ್ಲ ಗೊಬ್ಬರದ ಗುಂಡಿಗೇ ಹೋಗಬೇಕು. ಸಸಿಮಡಿಗೆ ಕೋತಿ ಕಾಟ ಹೆಚ್ಚಿದಾಗ ನೈಲಾನ್ ಬಲೆ ತರೋಣ ಎಂದವರ ಬಾಯಿ ಮುಚ್ಚಿಸಿ, ಸುತ್ತಲೂ ಕೋತಿಯೂ ಮುಟ್ಟದ ಕಹಿ ಮರಗೆಣಸು ನೆಡಿಸಿದವಳೂ ಅವಳೇ.

ದೇಶದ ಉತ್ತರದ ಕಡೆಯವರು ಆ ಗೆಣಸನ್ನು ದಿನಗಟ್ಟಲೆ ನೀರಲ್ಲಿ ನೆನೆಹಾಕಿ, ಒಣಗಿಸಿ, ಹಿಟ್ಟು ಮಾಡಿ ತಿನ್ನುತ್ತಾರೆ. ಇಲ್ಲಿಯವರು ಸಿಹಿ ಗೆಣಸು ಬಿಟ್ಟು ಬೇರೆ ಕಂಡವರಲ್ಲ. ಸುಲಿದರು, ಬೇಯಿಸಿದರು, ತಿಂದರು, ಅಷ್ಟೇ. ಕಹಿ ಗೆಣಸನ್ನು ಹಾಗೆ ತಿಂದರೆ ಅದು ವಿಷ. ಬೋರ್ಡು ಹಾಕೋಣವೇ ಎಂದು ತೋಟದವರು ಕೇಳದೆ ಇರಲಿಲ್ಲ. "ಬೇಲಿ ಗಿಡ ಯಾರ್ರೀ ಕೀಳ್ತಾರೆ? ಅದಕ್ಕೊಂದು ಹೊಸ ತಗಡು ದಂಡ" ಎಂದುಬಿಟ್ಟಿದ್ದಳು.

ಆ ವರ್ಷ ಮಳೆ ಕೈಕೊಟ್ಟಿತು. ಒಂದು ಶನಿವಾರ ಬೆಳಿಗ್ಗೆ ಬಂದು ನೋಡಿದರೆ ಬೇಲಿಯ ಒಂದು ಮೂಲೆ ಬೋಳು. ಕಿತ್ತವರು ಅವಳು ಬೀಜದಿಂದ ಬೆಳೆಸಿದ ಸಸಿಗಳನ್ನೂ ತುಳಿದುಕೊಂಡು ಹೋಗಿದ್ದರು. ಆ ಸಸಿಗಳನ್ನು ಕಂಡದ್ದೇ ನಲುಂಕುಮಾಳ ಪಿತ್ತ ನೆತ್ತಿಗೇರಿತು, ಬೇರೇನೂ ಹೊಳೆಯಲಿಲ್ಲ. ನೆಟ್ಟಗೆ ತೋಟದ ಹಿಂದಿನ ಓಣಿಗೆ ನಡೆದಳು. ಅಲ್ಲಿ ಕಂಬದ ಮೇಲೆ ಊರಿನ ಧ್ವನಿವರ್ಧಕವಿದೆ. ಕಳೆದುಹೋದ ಮೇಕೆಯಿಂದ ಹಿಡಿದು ಸಾವಿನ ತನಕ ಎಲ್ಲ ಸುದ್ದಿಯೂ ಅದರಲ್ಲೇ. ಅದನ್ನು ನಡೆಸುವ ಸೆಮಂಡನ ಕೈಯಿಂದ ಮೈಕು ಕಿತ್ತುಕೊಂಡಳು.

"ಯಾವನೋ ಅವನು, ತೋಟಕ್ಕೆ ನುಗ್ಗಿದ ಕಳ್ಳ? ಯಾರ ಮನೆ ಒಲೆ ಮೇಲೆ ನಮ್ಮ ಗೆಣಸಿದೆಯೋ ಅವರನ್ನ ಬೀದಿಗೆ ಎಳೆದು ತರ್ತೀನಿ. ಆಮೇಲೆ ಜನ ಏನ್ ಮಾಡ್ತಾರೋ ನಿಮಗೇ ಗೊತ್ತು!"

ಗೊತ್ತಿಲ್ಲದೆ ಏನು? ಕಳ್ಳ ಎಂದು ಕೂಗಿದರೆ ಸಾಕು, ಕಲ್ಲು ದೊಣ್ಣೆ ಹಿಡಿದು ಜನ ಸೇರುವ ಊರು ಅದು. ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

ಸೆಮಂಡ ನಕ್ಕ. "ಟೀಚರ್, ಕೋತಿನೂ ಮುಟ್ಟಲ್ಲ ಅಂತಿದ್ರಲ್ಲ, ಆ ಗೆಣಸೇನಾ?"

ಆಗಲೇ ಅವಳಿಗೆ ವಿಷದ ನೆನಪಾದದ್ದು. ಮತ್ತೆ ಮೈಕು ಬಾಯಿಗಿಟ್ಟುಕೊಂಡಳು. "ಕೇಳ್ರಪ್ಪಾ, ಅದನ್ನ ತಿನ್ಬೇಡಿ! ವಿಷ ಅದು. ಯಾರ ಮೇಲೂ ಸಿಟ್ಟಿಲ್ಲ ನಂಗೆ. ತಂದು ಕೊಡ್ಲೂ ಬೇಡಿ, ಗುಂಡೀಲಿ ಸುರೀರಿ. ದಮ್ಮಯ್ಯ!"

ಗೋಡೆಯಾಚೆ ಯಾರೋ ಕಿಸಕ್ಕೆಂದರು. "ಈಗ ವಿಷ ಆಯ್ತಂತೆ ನೋಡೇ!"

"ಕದ್ದವ್ರು ಹೊರಗೆ ಬರ್ಲಿ ಅಂತ ಉಪಾಯ ಕಣೇ. ಟೀಚರ್ ಅಲ್ವಾ, ತಲೆ ಓಡುತ್ತೆ."

ಮೊದಲ ಮಾತನ್ನು ಓಣಿಗೆ ಓಣಿಯೇ ನಂಬಿತ್ತು. ಎರಡನೆಯದನ್ನು ನಂಬುವವರು ಒಬ್ಬರೂ ಇರಲಿಲ್ಲ. ನಲುಂಕುಮಾ ಮನೆಮನೆಯ ಬಾಗಿಲು ಬಡಿದಳು. "ನಮ್ಮಲ್ಲಿ ಬಾಳೆಕಾಯಿ, ಅಜ್ಜಿ." "ನಮ್ಮಲ್ಲಿ ಒಲೆನೇ ಹಚ್ಚಿಲ್ಲ." ಹಾಗೆಂದವಳ ಹಿತ್ತಲಿನಿಂದ ಹೊಗೆ ಏಳುತ್ತಿತ್ತು. ಎಲ್ಲರೂ ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿತು. ಸುಳ್ಳು ಕಲಿಸಿದವಳು ತಾನೇ ಎಂದೂ ಅನ್ನಿಸಿತು.

ಕೊನೆಯ ಮನೆ ಒಣಮೀನು ಮಾರುವ ನಬಂಕೆಮಾಳದು. ಗಂಡ ಸರೋವರದ ದ್ವೀಪದಲ್ಲಿ ಮೀನು ಹಿಡಿಯಲು ಹೋಗಿದ್ದ. ಅವಳು ಹೊರಬಂದು, ಹಿರಿಯರನ್ನು ಮಾತಾಡಿಸುವ ರೀತಿಯಲ್ಲೇ ಮಂಡಿಯೂರಿದಳು, ಬಾಗಿಲಿಗೆ ಅಡ್ಡವಾಗಿ. ಬೆನ್ನ ಹಿಂದೆ ಮನೆಯೊಳಗೆ ಸದ್ದೇ ಇರಲಿಲ್ಲ.

"ನಾನು ಕಳ್ಳಿ ಅಲ್ಲ, ಅಜ್ಜಿ. ದೇವರಾಣೆ."

"ಕಳ್ಳಿ ಅಂದ್ನೇನೇ ನಾನು? ಬೇಯಿಸಿದ್ಯಾ, ಅಷ್ಟು ಹೇಳು."

"ಇಲ್ಲ, ಅಜ್ಜಿ."

ನಲುಂಕುಮಾ ಕೀಲುನೋವಿನ ಕಾಲುಗಳನ್ನು ಮಡಚಿ, ಮೊಮ್ಮಗಳ ವಯಸ್ಸಿನ ಆ ಹೆಂಗಸಿನೆದುರು ತಾನೂ ಮಂಡಿಯೂರಿದಳು. ಎದುರು ಮನೆಯ ನಗು ಗಕ್ಕನೆ ನಿಂತಿತು. ಹಿರಿಯಳೊಬ್ಬಳು ಕಿರಿಯಳಿಗೆ ಮಂಡಿಯೂರಿದ್ದನ್ನು ಆ ಓಣಿ ಕಂಡದ್ದಿಲ್ಲ. ಉಪಾಯಕ್ಕಾಗಿ ಯಾರೂ ಅದನ್ನು ಮಾಡುವುದಿಲ್ಲ.

ನಬಂಕೆಮಾ ಅವಳ ತೋಳು ಹಿಡಿದು ಎತ್ತಲು ಹೋದಳು. "ಏಳಿ ಅಜ್ಜಿ, ಏಳಿ... ನಾನಿನ್ನೂ ತಿಂದಿಲ್ಲ. ಗೆಣಸಿಗೆ ಕಡಲೆಕಾಯಿ ಸಾರು ಹಾಕಿ ಮಕ್ಕಳಿಗೆ ಕೊಟ್ಟೆ. ಹೊಟ್ಟೆ ತುಂಬಾ ತಿಂದ್ವು, ಪಾಪ. ಮೈಕಲ್ಲಿ ನಿಮ್ಮ ಕೂಗು ಕೇಳಿ, ಸದ್ದು ಮಾಡ್ಬೇಡಿ, ಮಲಗಿ ಅಂತ ಗದರಿಸ್ದೆ."

ಇಬ್ಬರೂ ಒಟ್ಟಿಗೇ ಒಳಗೆ ನುಗ್ಗಿದರು. ಹೆಸರು ಹಿಡಿದು ಕೂಗಿದರು, ಭುಜ ಅಲುಗಾಡಿಸಿದರು. ದೊಡ್ಡವಳು ಕಣ್ಣು ಬಿಟ್ಟು ವಾಂತಿ ಮಾಡಿಕೊಂಡಳು. ಚಿಕ್ಕವನು ಅಮ್ಮ ಹೇಳಿದಂತೆಯೇ ಸದ್ದಿಲ್ಲದೆ ಮಲಗಿದ್ದ.