ಏಳನೇ ಪಾಠ ನೋಡಿದವರು

ಟಿಣ್.

ರಾತ್ರಿ ಹನ್ನೊಂದೂವರೆಗೆ ದಿಂಬಿನ ಪಕ್ಕದ ಫೋನು ಸದ್ದು ಮಾಡಿತು. ಇಂಗ್ಲಿಷ್ ವಿಭಾಗದ ಅಧ್ಯಾಪಕಿ ಅವಳು, ಕಣ್ಣು ಬಿಟ್ಟೇ ಮಲಗಿದ್ದಳು. ಬೆಳಗಾದರೆ ಸಭೆ. ವಿಶ್ವವಿದ್ಯಾಲಯದ ಮಕ್ಕಳಿಗೆಂದು ಅವಳು ಎರಡು ವರ್ಷ ಕೂತು ಮಾಡಿದ ಇಂಗ್ಲಿಷ್ ವ್ಯಾಕರಣದ ವಿಡಿಯೊ ಪಾಠಗಳು ತರಗತಿಗೆ ಹೋಗುತ್ತವೋ ಮೂಲೆಗೆ ಬೀಳುತ್ತವೋ ಎಂಬುದು ವಿಭಾಗದ ಮುಖ್ಯಸ್ಥರ ಒಂದು ಸಹಿಯ ಮೇಲೆ ನಿಂತಿತ್ತು. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದವರು. ಎಲ್ಲರಿಗೂ ಅವರು ದೊಡ್ಡ ಮೇಷ್ಟ್ರು. ಅವಳ ಪಾಠಗಳಿಗೆ ಅವರಿಟ್ಟ ಹೆಸರು ‘ಗೊಂಬೆಯಾಟ’.

“ಆ ಫೋನಿಗೂ ನಿದ್ದೆ ಇಲ್ಲ, ನಿಂಗೂ ಇಲ್ಲ. ಒಳ್ಳೇ ಜೋಡಿ ಕಣೇ,” ಗಂಡ ಮಗ್ಗುಲು ಬದಲಿಸಿದ.

“ನೀವು ಮಲ್ಕೊಳ್ಳಿ ಸುಮ್ನೆ.”

ಪಾಠ ನೋಡಿದವರು ಕೊನೆಯಲ್ಲಿ ತಮ್ಮದೇ ಒಂದು ವಾಕ್ಯ ಹೇಳಿದರೆ ಆ ಧ್ವನಿ ಉಳಿದುಕೊಂಡು ಅವಳಿಗೆ ಸೂಚನೆ ಬರುತ್ತಿತ್ತು. ಸದ್ಯ ಪಾಠ ನೋಡಲು ಅನುಮತಿ ಇದ್ದದ್ದು ಒಬ್ಬರಿಗೇ, ಪರಿಶೀಲಿಸಬೇಕಾದ ದೊಡ್ಡ ಮೇಷ್ಟ್ರಿಗೆ. ವಾರದಿಂದ ಟಿಣ್ ಎನ್ನುತ್ತಲೇ ಇತ್ತು. ತಪ್ಪುಗಳ ಪಟ್ಟಿಯೇ ಇರಬೇಕೆಂದು ಹೆದರಿ ಅವಳು ಒಂದನ್ನೂ ತೆರೆದಿರಲಿಲ್ಲ.

ಈಗ ಎದ್ದು ಅಡುಗೆಮನೆಗೆ ಹೋಗಿ, ದೀಪವನ್ನೂ ಹಾಕದೆ, ಇಯರ್‌ಫೋನ್ ಸಿಕ್ಕಿಸಿಕೊಂಡಳು. ಹತ್ತೊಂಬತ್ತು ಧ್ವನಿಗಳು. ಎಲ್ಲವೂ ಏಳನೇ ಪಾಠದವು. ಪರದೆ ಮುಚ್ಚಿದರೆ ಎಲ್ಲ ಅಳಿಸಿಹೋಗುತ್ತದೆಂದು ದೊಡ್ಡ ಮೇಷ್ಟ್ರು ನಂಬಿದ್ದಿರಬೇಕು, ಪಾಪ.

ಆ ಪಾಠದಲ್ಲಿ ಭೂತಕಾಲ ತೋರಿಸುವ ಒಂದು ಗೆರೆಯಿದೆ. ನಡೆಯುತ್ತಿದ್ದ ಕೆಲಸ ಅದರ ಮೇಲೆ ಬೆಳಕಾಗಿ ಹರಡುತ್ತಾ ಹೋಗುತ್ತದೆ. ನಡುವೆ ಥಟ್ಟನೆ ನಡೆದದ್ದು ಚುಕ್ಕಿಯಾಗಿ ಬೀಳುತ್ತದೆ.

ಮೊದಲನೆಯದು ತರಗತಿಯ ಗಡಸು ದನಿಯ ಇಂಗ್ಲಿಷ್: ಹುಡುಗ ಓದುತ್ತಿದ್ದಾಗ ದೀಪ ಆರಿತು. ಆರನೆಯದರ ಹೊತ್ತಿಗೆ ದನಿ ಮೆತ್ತಗಾಗಿತ್ತು: ನಾನು ಬಸ್ಸಿಗೆ ಕಾಯುತ್ತಿದ್ದಾಗ ಅವಳು ಕೊಡೆ ಹಿಡಿದಳು. ಹದಿನಾಲ್ಕನೆಯದು: ನಾನು ಪಾಠ ಮಾಡುತ್ತಿದ್ದಾಗ ಆಸ್ಪತ್ರೆಯಿಂದ ಫೋನು ಬಂತು. ಈಗಷ್ಟೇ ಬಂದದ್ದು ಹತ್ತೊಂಬತ್ತನೆಯದು. ಅದು ಕನ್ನಡದಲ್ಲಿತ್ತು: “ಮೂವತ್ತು ವರ್ಷದಿಂದ ಹೇಳ್ಕೊಡ್ತಾನೇ ಇದ್ದೀನಿ. ಕಣ್ಣಿಗೆ ಕಂಡಿದ್ದು ಈಗ್ಲೇ.”

ಅವಳು ಎಳೆದದ್ದು ಬರೀ ಒಂದು ಗೆರೆ. ಅದರ ಮೇಲೆ ಒಬ್ಬರ ಬದುಕೇ ನಡೆದುಹೋಗಿತ್ತು. ದೇವರ ಮುಂದೆ ನಿಂತವಳಂತೆ ಕತ್ತಲಲ್ಲೇ ಕೈ ಮುಗಿದಳು.

ಬೆಳಗಿನ ಸಭೆಯಲ್ಲಿ ಕಂಪ್ಯೂಟರ್ ವಿಭಾಗದವರು ಕೇಳಿದರು: “ಎಲ್ಲಾ ಸರಿ ಮೇಡಂ, ಇದ್ರಿಂದ ಒಬ್ರಾದ್ರೂ ಕಲ್ತಿದ್ದಾರೆ ಅನ್ನೋದಕ್ಕೆ ಪುರಾವೆ?”

ಪುರಾವೆ ಅವಳ ಅಂಗೈಯಲ್ಲೇ ಇತ್ತು. ದೊಡ್ಡ ಮೇಷ್ಟ್ರು ಪೆನ್ನಿನ ಮುಚ್ಚಳ ತಿರುಗಿಸುತ್ತ ಮೇಜನ್ನೇ ನೋಡುತ್ತಿದ್ದರು. ಅವಳು ಫೋನನ್ನು ಬೋರಲು ಹಾಕಿದಳು.

“ಇನ್ನೂ ಇಲ್ಲ ಸರ್.”

ಯಾರೋ ಗೊಣಗಿದರು. ಆಯಿತು, ಎರಡು ವರ್ಷ ನೀರುಪಾಲು ಎಂದುಕೊಂಡಳು.

“ಪುರಾವೆ ಆಮೇಲೆ ಬರುತ್ತೆ ಕಣ್ರೀ,” ದೊಡ್ಡ ಮೇಷ್ಟ್ರು ಕಾಗದ ಎಳೆದುಕೊಂಡರು. “ಗೊಂಬೆಯಾಟ ಸ್ವಲ್ಪ ಕಡಿಮೆ ಮಾಡಮ್ಮ. ಏಳನೇದನ್ನ ಮಾತ್ರ ಮುಟ್ಬೇಡ.”

ಸಹಿ ಬಿತ್ತು, ಆ ಚುಕ್ಕಿ ಬಿದ್ದಂತೆಯೇ.

ಸಂಜೆ ಗಂಡ ಕೇಳಿದ: “ಆ ಮುದುಕ ಹೇಗೆ ಒಪ್ಕೊಂಡ ಮಾರಾಯ್ತಿ?”

ಹತ್ತೊಂಬತ್ತು ಧ್ವನಿಗಳನ್ನೂ ಅವಳು ಆಗಲೇ ಅಳಿಸಿಯಾಗಿತ್ತು. ಇವನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿ ಅಂದಳು: “ಏನೋಪ್ಪ, ಒಳ್ಳೇ ಮೂಡಲ್ಲಿದ್ರು.”